ಐತನ ಗಾಡಿಗೆ ನಾನು ಹೇಳಿದ ಮದ್ದು

ಚೆನ್ನಯ ಮಿಸ್ತ್ರಿಯ ಕೈ ಒಳ್ಳೆಯದು, ಬಾಯಿ ಕೆಟ್ಟದ್ದು ಎಂದು ಕುರ್ಲಾದಲ್ಲಿ ನನ್ನ ಬಗ್ಗೆ ಒಂದು ಮಾತಿದೆ. ಎರಡೂ ನಿಜ. ಡೀಸೆಲ್ ಇಂಜಿನ್ ಬಿಚ್ಚುವವರು ಈಗ ಮುಂಬಯಿಯಲ್ಲಿ ಗಲ್ಲಿಗೊಬ್ಬರು ಹುಟ್ಟಿಕೊಂಡಿದ್ದಾರೆ. ಬಿಚ್ಚುವುದು ಯಾವ ಕತ್ತೆಗೂ ಬರುತ್ತದೆ ಸ್ವಾಮಿ, ಕೈಯಲ್ಲೊಂದು ಪಾನಾ ಇದ್ದರೆ ಆಯಿತು. ಇಂಜಿನ್ ಯಾಕೆ ಕಾದು ಕುದಿಯುತ್ತದೆ ಎಂದು ಹೇಳುವುದಕ್ಕೆ ತಲೆ ಬೇಕು. ನಾನು ಹೇಳಿದ ಕಾರಣ ಇವತ್ತಿನವರೆಗೆ ಒಮ್ಮೆಯೂ ತಪ್ಪಿದ್ದಿಲ್ಲ. ಐತನ ಗಾಡಿಯ ವಿಷಯದಲ್ಲೂ ತಪ್ಪಲಿಲ್ಲ. ಅದೊಂದು ಸಲವಾದರೂ ತಪ್ಪಬಾರದಿತ್ತೇ ಎಂದು ಈ ಮೂರು ವರ್ಷಗಳಲ್ಲಿ ಎಷ್ಟೋ ಸಲ ಅನ್ನಿಸಿದೆ.

ಐತ ನಮ್ಮ ಊರಿನವನೇ. ಉಡುಪಿಯಿಂದ ತೆಂಕಕ್ಕೆ ಎರಡು ಹೊಳೆ ದಾಟಿದರೆ ಸಿಗುವ ಹಳ್ಳಿ. ನನಗಿಂತ ಮೂರು ನಾಲ್ಕು ವರ್ಷ ಕಿರಿಯ. ಊರಲ್ಲಿ ಅವನ ಜನ ಯಾರ ಅಂಗಳವನ್ನೂ ತುಳಿಯುವ ಹಾಗಿರಲಿಲ್ಲ. ನೀರು ಹರಿಯುವ ತೋಡಿನ ಆಚೆ ನಿಂತು ಕೂಗಬೇಕು, ಈಚೆಯಿಂದ ಎಸೆದದ್ದನ್ನು ಹೆಕ್ಕಿಕೊಳ್ಳಬೇಕು. ನಾವು ಕಳ್ಳು ಇಳಿಸುವವರು ಅಂಗಳದವರೆಗೆ ಹೋಗಬಹುದಿತ್ತು, ಜಗಲಿ ಹತ್ತುವ ಹಾಗಿರಲಿಲ್ಲ. ಅಂಗಳದಲ್ಲಿ ನಿಂತವನಿಗೆ ತೋಡಿನಾಚೆ ನಿಂತವನನ್ನು ಕಂಡರೆ ಎಷ್ಟು ಗತ್ತು ಇರುತ್ತದೆ ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ನನಗೆ ಚೆನ್ನಾಗಿ ಗೊತ್ತು.

ಯುದ್ಧದ ಕಾಲದಲ್ಲಿ ಐತ ಯಾರಿಗೂ ಹೇಳದೆ ಮಂಗಳೂರಿಗೆ ನಡೆದುಹೋಗಿ ಮಿಲಿಟರಿ ಸೇರಿದ. ಬರ್ಮಾದ ಗಡಿಯಲ್ಲಿ ಲಾರಿ ಓಡಿಸಿದ. ಅಲ್ಲಿ ಯಾರೂ ಅವನನ್ನು ದೂರ ನಿಲ್ಲಿಸಲಿಲ್ಲವಂತೆ. ಹತ್ತು ಜನ ಡ್ರೈವರುಗಳಿಗೆ ಒಂದೇ ಬಕೆಟ್ಟು, ಒಂದೇ ಮಗ್ಗು. ಇದನ್ನು ಅವನು ನನಗೆ ಹತ್ತು ಸಲವಾದರೂ ಹೇಳಿರಬೇಕು. ಪ್ರತಿಸಲವೂ ಹೊಸದಾಗಿ ಹೇಳುವಂತೆ ಹೇಳುತ್ತಿದ್ದ, ನಾನು ಪ್ರತಿಸಲವೂ “ಆಯ್ತು ಮಾರಾಯ, ಗೊತ್ತುಂಟು” ಎಂದು ಬಾಯಿ ಮುಚ್ಚಿಸುತ್ತಿದ್ದೆ. ಯುದ್ಧ ಮುಗಿದ ಮೇಲೆ ಊರಿಗೆ ಹೋದವನು ಎಂಟೇ ದಿನದಲ್ಲಿ ಹೆಂಡತಿ ಶೀಲಾವತಿಯನ್ನು ಕರೆದುಕೊಂಡು ಮುಂಬಯಿಗೆ ಬಂದ. ಹೆಣ ಹೊರುವ ಕೆಲಸ, ಸತ್ತ ದನ ಎಳೆಯುವ ಕೆಲಸ, ಇನ್ನು ಈ ಜನ್ಮದಲ್ಲಿ ಮಾಡುವುದಿಲ್ಲ ಎಂದು ಅವನ ಹಟ. ಲೈಸೆನ್ಸಿನ ಪುಸ್ತಕವನ್ನು ಎಣ್ಣೆಕಾಗದದಲ್ಲಿ ಸುತ್ತಿ ಬನಿಯನ್ನಿನ ಒಳಗೆ ಇಟ್ಟುಕೊಳ್ಳುತ್ತಿದ್ದ.

ಮೊದಲ ನಾಲ್ಕು ವರ್ಷ ಅವರು ವಡಾಲ ಸ್ಟೇಷನ್ನಿನ ಹೊರಗೆ ಫುಟ್‌ಪಾತಿನಲ್ಲಿ ಮಲಗಿದರು. ಅಲ್ಲಿಯೇ ಒಂದು ಗಂಡುಮಗು ಹುಟ್ಟಿತು, ಒಂದು ಮಳೆಗಾಲ ದಾಟದೆ ಅಲ್ಲಿಯೇ ಸತ್ತಿತು. ಆಮೇಲೆ ಪೂವಪ್ಪನವರ ಬಳಿ ಅವನಿಗೆ ಡ್ರೈವರ್ ಕೆಲಸ ಸಿಕ್ಕಿತು.

ಪೂವಪ್ಪನವರೂ ನಮ್ಮ ಊರಿನವರೇ, ದೊಡ್ಡ ಮನೆಯವರು. ಫೋರ್ಟಿನಲ್ಲಿ ಆಫೀಸಿನವರು ಊಟಕ್ಕೆ ಸಾಲು ನಿಲ್ಲುವಂಥ ಹೋಟೆಲು, ವಡಾಲದಲ್ಲಿ ಎರಡು ಮಾಳಿಗೆಯ ಸ್ವಂತ ಬಿಲ್ಡಿಂಗು. ಅದರ ಹಿಂದೆ ಗಾಡಿ ನಿಲ್ಲಿಸಲು ತಗಡಿನ ಗ್ಯಾರೇಜು. ಗಾಡಿ ನಿಂತು ಉಳಿದ ಜಾಗಕ್ಕೆ ಗೋಣಿಯ ಪರದೆ ಕಟ್ಟಿ ಅಲ್ಲಿ ಇರಬಹುದು ಎಂದರು. ಐದು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ. ಅಲ್ಲಿ ಹುಟ್ಟಿದ ಹೆಣ್ಣುಮಗು ವಸಂತಿ ಬದುಕಿತು. “ತಲೆ ಮೇಲೆ ಮಾಡು ಉಂಟಲ್ಲ ಚೆನ್ನಯಣ್ಣ, ಅದಕ್ಕೇ ಬದುಕಿತು” ಎನ್ನುತ್ತಿದ್ದ ಐತ. ಪೂವಪ್ಪನವರು ಬೈದರೂ, ಹಬ್ಬದ ದಿನ ರಜೆ ಕೊಡದಿದ್ದರೂ ಅವನು ತುಟಿ ಬಿಚ್ಚುತ್ತಿರಲಿಲ್ಲ. ಆ ಗೋಣಿಪರದೆಯ ಹಿಂದಿನ ಜಾಗ ಹೋಗಬಾರದು, ಅಷ್ಟೇ ಅವನ ಲೆಕ್ಕ. ಅವನಿಗೆ ಅದು ಬಿಟ್ಟರೆ ಬೇರೆ ಯೋಚನೆಯೇ ಇರಲಿಲ್ಲ.

ಪೂವಪ್ಪನವರದ್ದು ದೊಡ್ಡ ಅಮೆರಿಕನ್ ಗಾಡಿ, ಪೆಟ್ರೋಲನ್ನು ಗಟಗಟ ಕುಡಿಯುವ ಜಾತಿಯದ್ದು. ಐವತ್ತೈದರ ಶುರುವಿನಲ್ಲಿ ಅವರಿಗೆ ಅದು ಸಾಕಾಯಿತು. ಆಗೆಲ್ಲ ಟ್ಯಾಕ್ಸಿಯವರು ಪೆಟ್ರೋಲ್ ಇಂಜಿನ್ ಕಿತ್ತುಹಾಕಿ ವಿಲಾಯಿತಿ ಡೀಸೆಲ್ ಇಂಜಿನ್ ಕೂರಿಸಿಕೊಳ್ಳುತ್ತಿದ್ದರು. ಕುರ್ಲಾದ ನನ್ನ ಶೆಡ್ಡಿನಲ್ಲಿ ಅಂಥ ಆರು ಗಾಡಿ ಮಾಡಿದ್ದೆ, ಇದು ಏಳನೆಯದು. ಹದಿನೇಳು ದಿನ ಹಿಡಿಯಿತು. ಹೊರಟ ದಿನ ಅದರ ಸದ್ದು ಕೇಳಿ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಒಂದು ವರ್ಷ ಗಾಡಿ ಚೆನ್ನಾಗಿಯೇ ಓಡಿತು. ಆಮೇಲೆ ಕಾಯಲು ಶುರುವಾಯಿತು. ಮೊದಲು ದಾದರಿನ ಸೇತುವೆ ಹತ್ತುವಾಗ, ಆಮೇಲೆ ಸಪಾಟು ರಸ್ತೆಯಲ್ಲೂ. ಐತ ಅಲ್ಲಲ್ಲಿ ನಿಲ್ಲಿಸಿ, ತಣಿಸಿ, ನೀರು ಹಾಕಿ ಹೇಗೋ ಸಂಭಾಳಿಸಿದ. ಐವತ್ತಾರರ ಏಪ್ರಿಲ್‌ನಲ್ಲಿ ಪೂವಪ್ಪನವರು ಮಗಳ ಸಂಬಂಧ ಮಾತಾಡಲು ಗಂಡಿನ ಕಡೆಯ ಇಬ್ಬರು ಹಿರಿಯರನ್ನು ಕೂರಿಸಿಕೊಂಡು ಪುಣೆಗೆ ಹೊರಟರು. ಖಂಡಾಳದ ಘಾಟಿಯ ಅರ್ಧದಲ್ಲಿ ಗಾಡಿ ಬುಸ್ಸೆಂದು ಹಬೆ ಬಿಟ್ಟು ನಿಂತಿತು. ರೇಷ್ಮೆ ಪಂಚೆ ಉಟ್ಟ ಬೀಗರು ಎರಡು ಗಂಟೆ ಕಾಲ ಬಿಸಿಲಿನಲ್ಲಿ ಕಲ್ಲಿನ ಮೇಲೆ ಕೂತರು. ಅವರ ಎದುರಿಗೇ ಪೂವಪ್ಪನವರು ಚಪ್ಪಲಿ ಬಿಚ್ಚಿ ಐತನ ಕೆನ್ನೆಗೆ ಹೊಡೆದರು. ಕೈ ಮುಟ್ಟಿ ಹೊಡೆದರೆ ಮೈಲಿಗೆ ನೋಡಿ, ಅದಕ್ಕೇ ಚಪ್ಪಲಿ.

ಮರುದಿನ ಒಂದು ಲಾರಿ ಗಾಡಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ನನ್ನ ಶೆಡ್ಡಿಗೆ ತಂದಿತು. ಹಿಂದೆಯೇ ಟ್ಯಾಕ್ಸಿಯಲ್ಲಿ ಪೂವಪ್ಪನವರು ಬಂದರು. ಇಳಿಯಲೂ ಇಲ್ಲ.

“ಚೆನ್ನಯ, ಇಂಜಿನ್ ಕೂರಿಸಿದ್ದು ನೀನು, ಓಡಿಸಿದ್ದು ಇವ. ನಾನು ಹೋಟೆಲಲ್ಲಿ ಇರುವಾಗ ಇವ ಬಾಡಿಗೆಗೆ ಗಿರಾಕಿ ಹೊಡೀತಾನೆ ಅಂತ ನನಗೆ ಅನುಮಾನ. ನಿನ್ನ ತಪ್ಪಾ, ಇವನ ತಪ್ಪಾ, ಆದಿತ್ಯವಾರ ಬರ್ತೇನೆ. ನನಗೆ ಹೇಳ್ಬೇಕು.”

“ನನ್ನದಂತೂ ಆಗಿರಲಿಕ್ಕಿಲ್ಲ ಧಣಿಗಳೇ” ಎಂದೆ. ಐತ ಅಲ್ಲೇ ನಿಂತಿದ್ದ. ಕೆನ್ನೆ ಇನ್ನೂ ಊದಿತ್ತು. ನನ್ನದಲ್ಲ ಎಂದರೆ ಯಾರದ್ದು ಎಂದಾಯಿತು, ಹೇಳಿ? ಆಗ ನನಗೆ ಅದೆಲ್ಲ ಹೊಳೆಯಲಿಲ್ಲ.

ಆದಿತ್ಯವಾರಕ್ಕೆ ಮೂರು ದಿನ ಇತ್ತು. ನಾನು ನನ್ನ ಕ್ರಮದಂತೆ ನೋಡುತ್ತ ಹೋದೆ. ನನಗೆ ಒಂದು ಕ್ರಮ ಇದೆ. ಹೊರಗಿನಿಂದ ಒಳಗೆ, ಸುಲಭದ್ದರಿಂದ ಕಷ್ಟದ್ದಕ್ಕೆ. ಈಗಿನ ಹುಡುಗರು ಬಂದ ಕೂಡಲೇ ಇಂಜಿನ್ನಿನ ತಲೆ ಬಿಚ್ಚುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ.

ಮೊದಲು ಫ್ಯಾನಿನ ಬೆಲ್ಟು. ಎರಡು ಬೆರಳಿನಿಂದ ಒತ್ತಿದೆ. ಅರ್ಧ ಇಂಚು ಬಗ್ಗಿತು. ಸರಿಯಾಗಿಯೇ ಇದೆ. ಆಮೇಲೆ ಎಣ್ಣೆ ನೋಡುವ ಕಡ್ಡಿ ಎಳೆದು ಬೆರಳಿಗೆ ಸವರಿಕೊಂಡೆ. ನೀರು ಎಣ್ಣೆಗೆ ಸೇರಿದ್ದರೆ ಅದು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ತಿರುಗಿರಲಿಲ್ಲ. ರೇಡಿಯೇಟರಿನ ಮುಚ್ಚಳ ತೆಗೆದು, ಸ್ವಲ್ಪ ನೀರು ತುಂಬಿಸಿ ಇಂಜಿನ್ ಚಾಲೂ ಮಾಡಿದೆ. ತಲೆಯ ಕೆಳಗಿನ ಗ್ಯಾಸ್ಕೆಟ್ ಸುಟ್ಟಿದ್ದರೆ ನೀರಿನಲ್ಲಿ ಗುಳ್ಳೆ ಏಳಬೇಕು. ಏಳಲಿಲ್ಲ. ಹೊಗೆಯೂ ಬಿಳಿ ಇಲ್ಲ, ತೀರಾ ಕಪ್ಪೂ ಇಲ್ಲ. ಡೀಸೆಲ್ ಹೊತ್ತು ಮೀರಿ ಬೀಳುತ್ತಿಲ್ಲ ಎಂದಾಯಿತು. ಗಿರಾಕಿ ಕೂರಿಸಿ ಸಿಕ್ಕಾಪಟ್ಟೆ ಓಡಿಸಿದ ಗಾಡಿಯ ಕ್ಲಚ್ಚು, ಟಯರು ಹೇಗೆ ಸವೆದಿರುತ್ತವೆ ಎಂದು ನನಗೆ ಗೊತ್ತು. ಇವನ ಗಾಡಿಯಲ್ಲಿ ಅಂಥದ್ದೇನೂ ಇರಲಿಲ್ಲ. ಐತ ಗಾಡಿಯನ್ನು ಮಗುವನ್ನು ನೋಡುವಂತೆ ನೋಡಿಕೊಂಡಿದ್ದ.

“ನೀನು ಗಿರಾಕಿ ಹೊಡೆದಿಲ್ಲ ಅಂತ ನನಗೆ ಗೊತ್ತಾಯ್ತು ಮಾರಾಯ” ಎಂದೆ.

“ನೀವು ಹೇಳಿದರೆ ಧಣಿಗಳು ನಂಬ್ತಾರೆ ಚೆನ್ನಯಣ್ಣ” ಎಂದು ಅವನು ಮೊದಲ ಸಲ ನಕ್ಕ.

ಬೆಳಗ್ಗೆ ಮೊದಲ ಲೋಕಲ್ಲಿಗೇ ವಡಾಲದಿಂದ ಬಂದು ಕೂರುತ್ತಿದ್ದ. ಹೇಳದೆಯೇ ಬೋಲ್ಟು ತೊಳೆಯುವುದು, ಚಿಂದಿ ಹಿಡಿದುಕೊಳ್ಳುವುದು, ಶೆಡ್ಡು ಗುಡಿಸುವುದು. ನಾನು ಬೈಯುತ್ತಲೇ ಇದ್ದೆ. ನನ್ನ ಬಾಯಿ ಸುಮ್ಮನಿದ್ದರೆ ಕೈ ಓಡುವುದಿಲ್ಲ. ಬಾಯಾರಿದರೆ ಮಡಕೆಯ ನೀರು ನಾನೇ ಎತ್ತಿ ಹೊಯ್ಯುತ್ತಿದ್ದೆ, ಅವನು ಬಗ್ಗಿ ಬೊಗಸೆಯಲ್ಲಿ ಕುಡಿಯುತ್ತಿದ್ದ. ಯಾಕೆ ಎಂದು ನಾವಿಬ್ಬರೂ ಒಂದು ದಿನವೂ ಮಾತಾಡಿಕೊಂಡದ್ದಿಲ್ಲ.

ಎರಡನೆಯ ದಿನ ಥರ್ಮೋಸ್ಟಾಟ್ ತೆಗೆದೆ. ನೀರು ಕಾದ ಮೇಲೆ ಬಾಯಿ ಬಿಟ್ಟು ಅದನ್ನು ರೇಡಿಯೇಟರಿಗೆ ಕಳಿಸುವ ಸಣ್ಣ ಹಿತ್ತಾಳೆಯ ಡಬ್ಬಿ ಅದು. ಎದುರಿನ ಚಹಾದಂಗಡಿಯ ಕಿಟ್ಲಿಯಲ್ಲಿ ಹಾಕಿ ಕುದಿಸಿದೆ, ಸರಿಯಾಗಿ ಬಾಯಿ ಬಿಟ್ಟಿತು. ಚಹಾದವನು ನನ್ನ ವಂಶವನ್ನೆಲ್ಲ ಬೈದ, ಬೈಯಲಿ. ನೀರಿನ ಪಂಪು ಬಿಚ್ಚಿದೆ; ತುಕ್ಕು ಬಹಳ ಹಿಡಿದಿತ್ತು, ಆದರೆ ತಿರುಗುತ್ತಿತ್ತು. ಆಮೇಲೆ ಇಂಜಿನ್ನನ್ನು ಹತ್ತು ನಿಮಿಷ ಓಡಿಸಿ ನಿಲ್ಲಿಸಿ, ರೇಡಿಯೇಟರಿನ ಮೈಮೇಲೆ ಅಂಗೈ ಇಟ್ಟು ಮೇಲಿನಿಂದ ಕೆಳಗೆ ನಿಧಾನವಾಗಿ ಸರಿಸಿದೆ. ಮೇಲೆ ಚುರುಕ್ಕೆನ್ನುವಷ್ಟು ಬಿಸಿ. ಕೆಳಗೆ ಬಂದಂತೆ ಅಲ್ಲಲ್ಲಿ ತಣ್ಣಗೆ. ತಣ್ಣಗಿದ್ದ ಕಡೆ ನೀರು ಓಡುತ್ತಿಲ್ಲ. ಅಲ್ಲಿಗೆ ಕಳ್ಳ ಸಿಕ್ಕಿದ.

ಇಂಜಿನ್ನಿನ ಪಕ್ಕದಲ್ಲಿ ನೀರು ಬಸಿಯುವ ನಲ್ಲಿ ಇರುತ್ತದೆ. ತಿರುಗಿಸಿದೆ, ಒಂದು ಹನಿ ಬರಲಿಲ್ಲ. ತಂತಿ ತೂರಿಸಿ ಕೆದಕಿದೆ. ಕಂದು ಬಣ್ಣದ ಗೊಜ್ಜಿನಂಥದ್ದು ಲೊಳಕ್ಕೆಂದು ಬಿತ್ತು. ಮಗ್ಗುಲಿನ ತಗಡಿನ ಬಿರಡೆ ಎಬ್ಬಿಸಿ ಬೆರಳು ಹಾಕಿದರೆ ಒಳಗೋಡೆಯ ತುಂಬ ಬೆರಳು ದಪ್ಪದ ಗಾರೆ. ಒಂದು ಚೂರು ಕಿತ್ತು ನಾಲಗೆಯ ಮೇಲೆ ಇಟ್ಟುಕೊಂಡೆ.

ಉಪ್ಪು.

“ಬೇವರ್ಸಿ, ಎಂತ ನೀರು ಹಾಕಿದ್ದೀಯ ಇದಕ್ಕೆ?” ಎಂದು ಕಿರುಚಿದೆ.

“ನೀರೇ ಚೆನ್ನಯಣ್ಣ.”

“ಯಾವ ನೀರು? ಸಮುದ್ರಕ್ಕೆ ಇಳಿಸಿದ್ದಿಯಾ ಗಾಡಿಯನ್ನು? ನಿನ್ನ ಅಪ್ಪ ಹುಟ್ಟಿಸಿದ ಇಂಜಿನ್ನಾ ಇದು? ಹದಿನೇಳು ದಿನ ಬೆನ್ನು ಮುರಿದುಕೊಂಡದ್ದು ನಾನು!” ಇನ್ನೂ ಏನೇನೋ ಅಂದೆ, ಬರೆಯುವಂಥದ್ದಲ್ಲ. ಕೈಯಲ್ಲಿದ್ದ ಪಾನಾ ಎಸೆದೆ, ಅವನ ಮೊಣಕಾಲಿಗೆ ಬಿತ್ತು. ಅವನು ಅದನ್ನು ಎತ್ತಿ, ಚಿಂದಿಯಲ್ಲಿ ಒರೆಸಿ, ಬೆಂಚಿನ ಮೇಲೆ ಇಟ್ಟ. ಆಮೇಲೆ ಹೇಳಿದ.

ಬಿಲ್ಡಿಂಗಿನ ಅಂಗಳದಲ್ಲಿ ಮುನಿಸಿಪಾಲಿಟಿಯ ನಲ್ಲಿ ಇದೆ. ಬೆಳಗ್ಗೆ ಎರಡು ಗಂಟೆ ನೀರು. ಪೂವಪ್ಪನವರ ಹೆಂಡತಿ ಸೇವಂತಿಯಕ್ಕ ದೇವರ ಕೊಡವನ್ನೂ ಅಡಿಗೆಯ ಹಂಡೆಯನ್ನೂ ಅದರಿಂದಲೇ ತುಂಬುತ್ತಾರೆ. ಅದನ್ನು ಐತ ಮುಟ್ಟುವ ಹಾಗಿಲ್ಲ. ಗಾಡಿ ತೊಳೆಯಲು, ಗಾಡಿಗೆ ಹಾಕಲು ಹಿತ್ತಿಲಿನ ಬಾವಿ. ವಡಾಲದಲ್ಲಿ ಬಾವಿ ತೋಡಿದರೆ ಬರುವುದು ಯಾವ ನೀರು? ಆಚೆ ಉಪ್ಪಿನ ಗದ್ದೆ, ಅದರಾಚೆ ಸಮುದ್ರ. ಆ ನೀರನ್ನು ಕಾಗೆಯೂ ಕುಡಿಯುವುದಿಲ್ಲ. ಐತನ ಮನೆಗೆ ಕುಡಿಯುವ ನೀರು ಸ್ಟೇಷನ್ನಿನ ಆಚೆಯ ಚಾಲಿನ ವಠಾರದ ನಲ್ಲಿಯಿಂದ. ಶೀಲಾವತಿ ಹೋಗಿ ಒಂದು ಗಂಟೆ ಸಾಲು ನಿಂತು ಎರಡು ಕೊಡ ತರಬೇಕು.

“ಮಿಲಿಟರಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು, ಉಪ್ಪುನೀರು ಹಾಕ್ಬಾರ್ದು ಅಂತ” ಎಂದ ಐತ. “ನಾನು ಅಮ್ಮನ ಹತ್ರ ಒಮ್ಮೆ ಕೇಳಿದೆ. ನೀವೇ ದೂರದಿಂದ ಒಂದು ಬಕೆಟ್ ಹೊಯ್ದು ಕೊಡಿ, ನಾನು ನಲ್ಲಿ ಮುಟ್ಟುದಿಲ್ಲ ಅಂತ. ಕಬ್ಬಿಣಕ್ಕೆ ಎಂತ ನಾಲಗೆ ಉಂಟಾ ರುಚಿ ನೋಡ್ಲಿಕ್ಕೆ, ಅಂದ್ರು. ಆಮೇಲೆ ನಾನು ಕೇಳ್ಲಿಲ್ಲ. ಇವಳು ತಂದದ್ರಲ್ಲಿ ಒಂದು ಕೊಡ ಗಾಡಿಗೆ ಹಾಕ್ತಿದ್ದೆ. ಮಗುವಿಗೆ ಜ್ವರ ಬಂದಾಗ, ಇವಳಿಗೆ ಹೋಗ್ಲಿಕ್ಕೆ ಆಗದಾಗ, ಬಾವಿಯದ್ದೇ.”

ನನ್ನ ಸಿಟ್ಟು ಇಳಿಯಿತು. ಆದರೆ ಖುಷಿಯಾಯಿತು ಎಂಬುದನ್ನೂ ಹೇಳಬೇಕು. ಕಾರಣ ಸಿಕ್ಕಿದ ಖುಷಿ. “ಮತ್ತೆ ಎಂತದು ನಿನಗೆ ಹೆದರಿಕೆ? ಗಿರಾಕಿ ಹೊಡೆದದ್ದಲ್ಲ, ಅಮ್ಮ ಹೇಳಿದ ನೀರು ಹಾಕಿದ್ದು. ಆದಿತ್ಯವಾರ ಧಣಿಗಳ ಮುಖಕ್ಕೆ ಹೇಳ್ತೇನೆ. ನೀನು ಬಚಾವ್” ಎಂದೆ.

ಐತ ಎದ್ದು ಬಂದು ನನ್ನ ಕಾಲಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತ. “ಉಪ್ಪು ಅಂತ ಹೇಳ್ಬೇಡಿ ಚೆನ್ನಯಣ್ಣ. ನಿಮ್ಮ ದಮ್ಮಯ್ಯ. ಪಂಪು ಹೋಗಿದೆ ಅಂತ ಹೇಳಿ. ಎಲ್ಲ ತೊಳೆದು ಕೊಡಿ, ಇನ್ನು ಒಂದು ಹನಿ ಬಾವಿ ನೀರು ಹಾಕುದಿಲ್ಲ. ನಾನೇ ಬೆಳಿಗ್ಗೆ ನಾಲ್ಕು ಗಂಟೆಗೆ ಎದ್ದು ಸ್ಟೇಷನ್ ಹತ್ರದಿಂದ ತರ್ತೇನೆ.”

“ಪಂಪು ಕೂರಿಸಿದ್ದು ಯಾರು? ನಾನು. ನನ್ನ ಹೆಸರು ಕೆಡಿಸಿಕೊಳ್ಳಬೇಕಾ ನಿನಗಾಗಿ?”

“ಹಾಗಲ್ಲ...”

“ನಾನು ಸುಳ್ಳು ಹೇಳುವ ಮಿಸ್ತ್ರಿ ಅಲ್ಲ. ಏಳು!”

ಅವನು ಎದ್ದ. ಯಾಕೆ ಬೇಡ ಎನ್ನುತ್ತಾನೆ ಎಂದು ನಾನು ಕೇಳಲಿಲ್ಲ. ಹೆಡ್ಡ, ತನ್ನ ಒಳ್ಳೆಯದು ತನಗೇ ತಿಳಿಯುವುದಿಲ್ಲ ಎಂದುಕೊಂಡೆ. ಹೆಡ್ಡ ಯಾರು ಎಂದು ಆದಿತ್ಯವಾರ ಗೊತ್ತಾಯಿತು.

ಮೂರನೆಯ ದಿನ ಪೂರ್ತಿ ಇಂಜಿನ್ನಿನ ಒಳಗನ್ನು ಕೆರೆದು, ಬಟ್ಟೆಸೋಡಾ ಕಲಸಿದ ಬಿಸಿನೀರು ಹಾಯಿಸಿ ತೊಳೆದೆವು. ಐತ ಬಕೆಟ್ ಬಕೆಟ್ ನೀರು ಹೊತ್ತ. ಆದಿತ್ಯವಾರ ಹತ್ತು ಗಂಟೆಗೆ ಪೂವಪ್ಪನವರು ಬಂದರು. ನಾನು ಗಾರೆಯ ಚೂರುಗಳನ್ನು ಒಂದು ತಟ್ಟೆಯಲ್ಲಿ ಹಾಕಿ ಇಟ್ಟಿದ್ದೆ, ಮದುಮಗನ ಕಡೆಯವರಿಗೆ ತಾಂಬೂಲ ಇಡುವ ಹಾಗೆ.

“ನೋಡಿ ಧಣಿಗಳೇ. ಗಿರಾಕಿ ಹೊಡೆದದ್ದಲ್ಲ. ನನ್ನ ಕೆಲಸದ್ದೂ ತಪ್ಪಲ್ಲ. ಒಂದು ವರ್ಷದಿಂದ ಬಾವಿಯ ಉಪ್ಪುನೀರು ಕುಡಿದಿದೆ ನಿಮ್ಮ ಇಂಜಿನ್.”

ಪೂವಪ್ಪನವರು ಐತನ ಕಡೆ ತಿರುಗಿದರು. “ಬಾವಿ ನೀರು ಯಾಕೆ ಹಾಕಿದ್ದು?”

ನಾನೇ ಹೇಳಿದೆ. “ನಲ್ಲಿ ಮುಟ್ಟಬಾರದು ಅಂತ ಅಮ್ಮನ ಅಪ್ಪಣೆ ಉಂಟಂತೆ.”

ನನ್ನ ಎದೆಯುಬ್ಬಿತ್ತು. ಇಂಥ ಮಾತನ್ನು ಪೂವಪ್ಪನವರ ಎದುರು ಹೇಳುವ ಧೈರ್ಯ ಕುರ್ಲಾದಲ್ಲಿ ಬೇರೆ ಯಾರಿಗಿದೆ? ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ. ತಲೆಯಾಡಿಸಿದರು.

“ಹೌದು, ಅದು ಸರಿ. ಅವಳು ಹೇಳಿದ್ದಾಳೆ. ಐತನದ್ದು ತಪ್ಪಿಲ್ಲ ಹಾಗಾದರೆ. ಹೇಳಿದ ಹಾಗೆ ಮಾಡಿದ್ದಾನೆ.”

ನಾನು ಐತನ ಮುಖ ನೋಡಿದೆ, ಕೇಳಿದೆಯಾ ಎಂಬಂತೆ. ಅವನು ನನ್ನನ್ನು ನೋಡಲಿಲ್ಲ.

“ಇನ್ನು ಎಂತ ಮಾಡ್ಬೇಕು?” ಎಂದರು ಪೂವಪ್ಪನವರು.

“ಸಿಹಿನೀರು ಧಣಿಗಳೇ, ಬೇರೆ ಮದ್ದೇ ಇಲ್ಲ. ದಿನಾ ಬೆಳಿಗ್ಗೆ ನೋಡಿ ನಲ್ಲಿ ನೀರೇ ತುಂಬಿಸಬೇಕು. ಇನ್ನು ಬಾವಿ ನೀರು ಹಾಕಿದಿರೋ, ಇಂಜಿನ್ನಿನ ತಲೆ ಸೀಳ್ತದೆ. ಆಮೇಲೆ ನನ್ನನ್ನು ಕೇಳ್ಬೇಡಿ.”

ಪೂವಪ್ಪನವರು ಗಲ್ಲ ಕೆರೆದುಕೊಂಡರು. ಆಗ ಐತ ಬಾಯಿ ಬಿಟ್ಟ. “ಧಣಿಗಳೇ, ನಾನು ಸ್ಟೇಷನ್ ಹತ್ರದಿಂದ ತರ್ತೇನೆ ನೀರು. ದಿನಾ ತರ್ತೇನೆ. ಒಂದು ದಿನವೂ ತಪ್ಪಿಸುದಿಲ್ಲ.”

ಅವರು ನನ್ನ ಕಡೆ ನೋಡಿದರು. “ಅದು ಆಗ್ತದಾ ಚೆನ್ನಯ?”

ಇಲ್ಲಿ ನಾನು ‘ಆಗ್ತದೆ’ ಎಂದಿದ್ದರೆ ಸಾಕಿತ್ತು. ಒಂದು ಶಬ್ದ. ಆದರೆ ಮಗುವಿಗೆ ಮತ್ತೆ ಜ್ವರ ಬಂದರೆ, ಚಾಲಿನ ನಲ್ಲಿಯಲ್ಲಿ ನೀರು ಬಾರದಿದ್ದರೆ, ಇವನು ಮತ್ತೆ ಬಾವಿಗೆ ಹೋದರೆ? ನನ್ನ ಇಂಜಿನ್, ನನ್ನ ಹೆಸರು. “ಒಂದು ದಿನ ತಪ್ಪಿದರೂ ಕೆಲಸ ಕೆಟ್ಟಿತು. ಅದನ್ನು ನಂಬುವ ಹಾಗಿಲ್ಲ ಧಣಿಗಳೇ” ಎಂದೆ.

“ಮತ್ತೆ ನಲ್ಲಿ ಮುಟ್ಟುವವನೇ ಆಗ್ಬೇಕಲ್ಲ” ಎಂದರು ಪೂವಪ್ಪನವರು. ಅಕ್ಕಿ ಮುಗಿದಿದೆ, ತರಿಸಬೇಕು ಎನ್ನುವಷ್ಟೇ ಸಹಜವಾಗಿ ಹೇಳಿದರು. “ನಾನು ಅಂಥವನಲ್ಲ, ನಿನಗೆ ಗೊತ್ತುಂಟು. ಈಗ ಕಾನೂನೂ ಬಂದಿದೆ. ಹೋಟೆಲಿಗೆ ಯಾರು ಬಂದರೂ ಕೂತು ತಿನ್ನಲಿ, ನಾನು ಜಾತಿ ಕೇಳ್ತೇನಾ? ಆದರೆ ಮನೆ ಬೇರೆ. ಹೆಂಗಸರ ವಿಷಯ. ಅವಳ ಹತ್ರ ನಾನು ಜಗಳಕ್ಕೆ ನಿಲ್ಲಲಿಕ್ಕೆ ಆಗ್ತದಾ? ನಿಮ್ಮವರಲ್ಲಿ ಯಾರಾದರೂ ಇದ್ದಾರಾ, ಗಾಡಿ ಓಡಿಸುವವ?”

ಐತ ನನ್ನನ್ನೇ ನೋಡುತ್ತಿದ್ದ. ಈಗ ನೋಡುತ್ತಿದ್ದ.

ಊರಲ್ಲಾದರೆ ನಮಗೂ ಅವರ ಬಾವಿಕಟ್ಟೆ ದೂರವೇ. ಮುಂಬಯಿಗೆ ಬಂದ ಮೇಲೆ ನಾವು ಮುಟ್ಟುವವರ ಪೈಕಿಗೆ ಸೇರಿದ್ದೆವು. ಪೂವಪ್ಪನವರು ‘ನಿಮ್ಮವರಲ್ಲಿ’ ಎಂದಾಗ ನನಗೆ ಬೆನ್ನು ನೆಟ್ಟಗಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ನನ್ನ ಹೆಂಡತಿಯ ತಮ್ಮ ದೂಜ ಆರು ತಿಂಗಳಿಂದ ಚಾಲಿನ ನನ್ನ ಒಂದೇ ಕೋಣೆಯಲ್ಲಿ ಹೆಂಡತಿ ಮಕ್ಕಳ ಸಮೇತ ಬಿದ್ದುಕೊಂಡಿದ್ದ. ಲೈಸೆನ್ಸ್ ಇತ್ತು, ಕೆಲಸ ಇರಲಿಲ್ಲ. ಮನೆಯಲ್ಲಿ ದಿನಾ ಜಗಳ.

“ನನ್ನ ಭಾವಮೈದ ಒಬ್ಬ ಇದ್ದಾನೆ” ಎಂದೆ.

“ಆಯ್ತು, ಒಂದನೇ ತಾರೀಕಿನಿಂದ ಬರ್ಲಿ. ಗ್ಯಾರೇಜು ಉಂಟು ಇರ್ಲಿಕ್ಕೆ” ಎಂದು ಪೂವಪ್ಪನವರು ಹೊರಟರು. ಹೋಗುವಾಗ ಐತನಿಗೆ, “ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಮಾರಾಯ” ಎಂದರು. ಆ ಮಾತೂ ನಿಜವೇ, ಅವರಿಗೆ ಸಿಟ್ಟಿರಲಿಲ್ಲ.

ಐತ ಈಗ ಎಲ್ಲಿದ್ದಾನೆ ಎಂದು ಇಲ್ಲೇ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಗಾಡಿ ಕೆಡಿಸಿದ ಡ್ರೈವರ್ ಎಂದು ಉಡುಪಿ ಹೋಟೆಲಿನವರಲ್ಲೆಲ್ಲ ಸುದ್ದಿ ಹೋಯಿತು, ತಪ್ಪು ಅವನದ್ದಲ್ಲ ಎಂಬ ಮಾತು ಅದರ ಜೊತೆ ಹೋಗಲಿಲ್ಲ. ಅದು ಹೋಗುವುದೂ ಇಲ್ಲ. ಮೂರು ತಿಂಗಳು ಅಲೆದು, ಕಡೆಗೆ ಮುನಿಸಿಪಾಲಿಟಿಯ ಕಸದ ಲಾರಿಗೆ ಸೇರಿದ. ಓಡಿಸುವುದಕ್ಕಲ್ಲ, ತುಂಬುವುದಕ್ಕೆ. ಬೀದಿಯಲ್ಲಿ ಸತ್ತ ನಾಯಿ, ಸತ್ತ ದನ ಎಲ್ಲ ಆ ಲಾರಿಗೇ. ವಸಂತಿ ಆ ಮಳೆಗಾಲವನ್ನು ಸ್ಟೇಷನ್ನಿನ ಹೊರಗೆ ಕಳೆಯಿತು. ಬದುಕಿತು ಎಂದು ಕೇಳಿದೆ. ಕಿವಿಯಿಂದ ಕೀವು ಸುರಿಯುತ್ತಿತ್ತು, ಈಗ ಒಂದು ಕಿವಿ ಕೇಳಿಸುವುದಿಲ್ಲವಂತೆ.

ಅವರು ಗ್ಯಾರೇಜು ಬಿಟ್ಟ ದಿನ ನಾನೂ ವಡಾಲಕ್ಕೆ ಹೋಗಿದ್ದೆ. ದೂಜನ ಸಾಮಾನು ಕೈಗಾಡಿಯಲ್ಲಿತ್ತು. ಪೂವಪ್ಪನವರು ಹೇಳಿದ್ದರೆಂದು ಐತ ಅವನಿಗೆ ಒಂದು ಗಂಟೆ ಗಾಡಿ ಕಲಿಸಿದ: ಎರಡನೆಯ ಗೇರು ಬಿಗಿ, ಸ್ವಲ್ಪ ತಡೆದು ಹಾಕಬೇಕು; ಬಲಗಡೆ ಬಾಗಿಲು ಎತ್ತಿ ಮುಚ್ಚಬೇಕು; ಧಣಿಗಳು ಹಿಂದಿನ ಸೀಟಿನಲ್ಲಿ ಎಡಕ್ಕೆ ಕೂರುತ್ತಾರೆ, ಆ ಕಡೆ ಬಿಸಿಲು ಬೀಳದ ಹಾಗೆ ನಿಲ್ಲಿಸಬೇಕು. ಒಂದನ್ನೂ ಬಿಡದೆ ಹೇಳಿದ. ಶೀಲಾವತಿ ಪರದೆಯ ಗೋಣಿ ಬಿಚ್ಚಿ ಮಡಚುತ್ತಿದ್ದಳು. ಸೇವಂತಿಯಕ್ಕ ಮೇಲಿನಿಂದ, “ಬೇಗ ಆಗ್ಲಿ, ನೀರು ನಿಲ್ಲುವ ಹೊತ್ತಾಯ್ತು” ಎಂದರು. ಇವರು ಹೊರಗೆ ಕಾಲಿಟ್ಟ ಕೂಡಲೇ ಕೆಲಸದವಳು ಅಂಗಳದ ನಲ್ಲಿಗೆ ರಬ್ಬರ್ ಪೈಪು ಸಿಕ್ಕಿಸಿ ಗ್ಯಾರೇಜಿನ ನೆಲ, ಗೋಡೆ, ತಗಡು ಎಲ್ಲ ತೊಳೆಯಲು ಶುರುಮಾಡಿದಳು. ಗಾಡಿಗೆ ಎರಡು ವರ್ಷಕ್ಕೆ ಸಾಕಾಗುವಷ್ಟು ಸಿಹಿನೀರು ಅರ್ಧ ಗಂಟೆಯಲ್ಲಿ ಚರಂಡಿಗೆ ಹೋಯಿತು. ವಸಂತಿ ಖುಷಿಯಿಂದ ಅದರಲ್ಲಿ ಕಾಲಾಡಿಸಲು ಓಡಿತು. ಶೀಲಾವತಿ ಅದರ ಬೆನ್ನಿಗೆ ಗುದ್ದಿ ಎಳೆದುಕೊಂಡಳು.

ಐತ ಟ್ರಂಕನ್ನು ತಲೆಯ ಮೇಲೆ ಇಟ್ಟುಕೊಂಡು ನನ್ನ ಹತ್ತಿರ ಬಂದ. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಬೈದಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ.

“ನಿಮ್ಮ ಕಾರಣ ಸರಿ ಇತ್ತು ಚೆನ್ನಯಣ್ಣ. ಮದ್ದು ಇನ್ನೊಂದು ಇತ್ತು.”

“ಎಂತದು?”

“ಐತನೂ ನಲ್ಲಿ ಮುಟ್ಟಲಿ ಅಂತ.”

ಇಷ್ಟು ಹೇಳಿ ಮಗುವಿನ ಕೈ ಹಿಡಿದುಕೊಂಡು ಸ್ಟೇಷನ್ನಿನ ಕಡೆ ನಡೆದ. ನಾನು ಹಿಂದಿನಿಂದ, “ಹೇಳಿದರೆ ಅವರು ಕೇಳ್ತಿದ್ದರಾ? ಹುಚ್ಚು ಮಾತು!” ಎಂದು ಕೂಗಿದೆ.

ಕೇಳುತ್ತಿರಲಿಲ್ಲ, ನನಗೆ ಗೊತ್ತು. ಪೂವಪ್ಪನವರು ನಕ್ಕು ಸುಮ್ಮನಾಗುತ್ತಿದ್ದರು. ಅವರು ಕೇಳುತ್ತಿದ್ದರೋ ಇಲ್ಲವೋ ಎಂಬುದು ಬೇರೆ ವಿಷಯ. ಮೂರು ದಿನ ಆ ಇಂಜಿನ್ನಿನ ಎದುರು ಕೂತು ಬೆಲ್ಟು, ಪಂಪು, ಡೀಸೆಲು, ನೀರು ಎಂದು ಒಂದೊಂದನ್ನೂ ತೂಗಿ ನೋಡಿದ ನನಗೆ, ಕಾರಣ ತಪ್ಪದ ಚೆನ್ನಯ ಮಿಸ್ತ್ರಿಗೆ, ಆ ಮದ್ದು ಒಮ್ಮೆಯೂ ತಲೆಗೆ ಬರಲಿಲ್ಲ. ಹೇಳಲು ಹೆದರಿದೆ ಎಂದಾದರೂ ಹೇಳಿಕೊಳ್ಳುವಂತಿಲ್ಲ, ಬಂದೇ ಇರಲಿಲ್ಲ.

ದೂಜ ಈಗಲೂ ಆ ಗ್ಯಾರೇಜಿನಲ್ಲೇ ಇದ್ದಾನೆ. ಗಾಡಿ ಆಮೇಲೆ ಒಂದು ದಿನವೂ ಕಾದಿಲ್ಲ.